ಲೋ ಗೇರಿನ ಲೆಕ್ಕ: ಏರಿಗೆ, ಕೆಸರಿಗೆ, ಇಳಿಜಾರಿಗೆ



ಬೇಸಿಗೆಯಲ್ಲಿ ಕೆರೆಗೋಡು ಹೊಡೆಯುವ ದಿನಗಳಲ್ಲಿ ಯಾವ ಊರಿನ ಕೆರೆಯಂಗಳಕ್ಕೆ ಹೋದರೂ ಈ ನೋಟ ನಿಮಗೆ ಕಾಣಸಿಗುತ್ತದೆ. ಗೋಡು ತುಂಬಿದ ಗಾಡಿ ಅಂಗಳದಿಂದ ದಾರಿಗೆ ಹತ್ತಬೇಕು. ಅರ್ಧ ಏರು ಹತ್ತುವಷ್ಟರಲ್ಲಿ ಎಂಜಿನ್ನು ಏದುಸಿರು ಬಿಡುತ್ತದೆ. ನಡೆಸುವವನು ಕ್ಲಚ್ಚನ್ನು ಅರ್ಧಂಬರ್ಧ ಒತ್ತಿ ಹಿಡಿಯುತ್ತಾನೆ. ಸುಟ್ಟ ವಾಸನೆ ಬರುತ್ತದೆ. ಗಾಡಿ ನಿಂತು, ನಿಧಾನವಾಗಿ ಹಿಂದಕ್ಕೆ ಜಾರತೊಡಗುತ್ತದೆ. ಹಿಂದೆ ನಿಂತಿದ್ದವರು ಕೂಗಿಕೊಂಡು ಪಕ್ಕಕ್ಕೆ ಹಾರುತ್ತಾರೆ.

ಆಮೇಲೆ ಅಲ್ಲಿ ನಡೆಯುವ ಮಾತೂ ಗೊತ್ತಿದ್ದದ್ದೇ. "ಎಂಜಿನ್ನಿಗೆ ಶಕ್ತಿ ಸಾಲದಣ್ಣ, ಇದಕ್ಕಿಂತ ಹೆಚ್ಚು ಹಾರ್ಸ್ ಪವರ್ ಇರೋದನ್ನ ತಗೋಬೇಕಿತ್ತು" ಎಂದು ಒಬ್ಬರು ಹೇಳುತ್ತಾರೆ. ಬಹುಪಾಲು ಸಂದರ್ಭಗಳಲ್ಲಿ ಈ ಮಾತು ತಪ್ಪು. ಶಕ್ತಿ ಇತ್ತು, ಅದನ್ನು ಕೆಲಸಕ್ಕೆ ತಕ್ಕಂತೆ ಹೊಂದಿಸಿಕೊಂಡಿರಲಿಲ್ಲ, ಅಷ್ಟೇ. ಹಾಗೆ ಹೊಂದಿಸಿಕೊಳ್ಳುವ ಉಪಾಯವೇ ಲೋ ಗೇರು. ನಾಲ್ಕೂ ಚಕ್ರ ಎಳೆಯುವ ಜೀಪು, ಪಿಕಪ್ ಗಾಡಿಗಳಲ್ಲಿ ಅದು ಇದೆ, ಟ್ರ್ಯಾಕ್ಟರಿನಲ್ಲಿಯೂ ಇದೆ. ಅದನ್ನು ಆರಿಸುವ ಬಗೆ, ಬಳಸುವ ಬಗೆ, ಎಲ್ಲಿ ಬಳಸಿದರೂ ಪ್ರಯೋಜನವಿಲ್ಲ ಎಂಬುದು, ಈ ಮೂರನ್ನು ಈ ಪಾಠದಲ್ಲಿ ತಿಳಿಯೋಣ.

ಹಾರೆಯ ಉದಾಹರಣೆ

ಹೊಲದಲ್ಲಿ ಹೂತ ಗುಂಡುಕಲ್ಲನ್ನು ಬರಿಗೈಯಲ್ಲಿ ಎತ್ತಲಾಗದು. ಅದರ ಅಡಿಗೆ ಹಾರೆ ತೂರಿಸಿ, ಒಂದು ಸಣ್ಣ ಕಲ್ಲನ್ನು ಆನಿಸಿ ಒತ್ತಿದರೆ ಮೇಲೇಳುತ್ತದೆ. ನಿಮ್ಮ ತೋಳಿನ ಶಕ್ತಿ ಹೆಚ್ಚಲಿಲ್ಲ. ನಿಮ್ಮ ಕೈ ಒಂದು ಮೊಳ ಕೆಳಗೆ ಹೋದಾಗ ಕಲ್ಲು ನಾಲ್ಕು ಬೆರಳು ಮಾತ್ರ ಮೇಲೆದ್ದಿತು. ದೂರವನ್ನು ಬಿಟ್ಟುಕೊಟ್ಟು ಬಲವನ್ನು ಪಡೆದಿರಿ.

ಗೇರು ಮಾಡುವುದೂ ಇದನ್ನೇ. ಸಣ್ಣ ಹಲ್ಲುಚಕ್ರವು ದೊಡ್ಡ ಹಲ್ಲುಚಕ್ರವನ್ನು ತಿರುಗಿಸಿದರೆ ದೊಡ್ಡದು ನಿಧಾನವಾಗಿ, ಆದರೆ ಹೆಚ್ಚು ಬಲದಿಂದ ತಿರುಗುತ್ತದೆ. ಎಂಜಿನ್ನು ಎರಡೂವರೆ ಸುತ್ತು ಸುತ್ತಿದಾಗ ಮುಂದಿನ ದಂಡ ಒಂದು ಸುತ್ತು ಸುತ್ತಿದರೆ, ವೇಗವು ಎರಡೂವರೆ ಪಾಲು ಇಳಿದು ತಿರುಗಿಸುವ ಬಲವು ಸುಮಾರು ಎರಡೂವರೆ ಪಾಲು ಏರುತ್ತದೆ. ಹಲ್ಲುಗಳ ಉಜ್ಜಾಟದಲ್ಲಿ ಸ್ವಲ್ಪ ನಷ್ಟವಾಗುತ್ತದೆ. ಎಂಜಿನ್ನಿನ ಹಾರ್ಸ್ ಪವರ್ ಮಾತ್ರ ಇದ್ದಷ್ಟೇ ಇರುತ್ತದೆ.

ಎರಡನೆಯ ಗೇರು ಪೆಟ್ಟಿಗೆ

ಸಾಧಾರಣ ಕಾರಿನಲ್ಲಿ ಒಂದೇ ಗೇರು ಪೆಟ್ಟಿಗೆ ಇರುತ್ತದೆ. ಜೀಪಿನಂತಹ ವಾಹನದಲ್ಲಿ ಅದರ ಹಿಂದೆ ಟ್ರಾನ್ಸ್‌ಫರ್ ಕೇಸ್ ಎಂಬ ಇನ್ನೊಂದು ಪೆಟ್ಟಿಗೆ ಇರುತ್ತದೆ. ಅದರ ಕೆಲಸ ಎರಡು. ಒಂದು, ಎಂಜಿನ್ನಿನ ಶಕ್ತಿಯನ್ನು ಮುಂದಿನ ಚಕ್ರಗಳಿಗೂ ಹಿಂದಿನ ಚಕ್ರಗಳಿಗೂ ಹಂಚುವುದು. ಎರಡು, ಬೇಕಾದಾಗ ಎಲ್ಲ ಗೇರುಗಳನ್ನೂ ಒಟ್ಟಿಗೆ ಇನ್ನಷ್ಟು ನಿಧಾನಗೊಳಿಸುವುದು. ಈ ಎರಡನೆಯ ಕೆಲಸಕ್ಕೆ ಲೋ ಎಂದು ಹೆಸರು. ಲೋ ಹಾಕಿದರೆ ಮೊದಲನೆಯ ಗೇರು, ಎರಡನೆಯ ಗೇರು, ಹಿಂದಕ್ಕೆ ಹೋಗುವ ಗೇರು, ಎಲ್ಲವೂ ಒಂದೇ ಪಾಲಿನಂತೆ ನಿಧಾನವಾಗುತ್ತವೆ.

ಟ್ರ್ಯಾಕ್ಟರಿನಲ್ಲಿ ಏರ್ಪಾಡು ಬೇರೆ. ಅಲ್ಲಿ ಹೈ-ಲೋ ಲಿವರು ಮುಖ್ಯ ಗೇರು ಪೆಟ್ಟಿಗೆಯಲ್ಲಿಯೇ ಸೇರಿರುತ್ತದೆ. ಆದಕಾರಣ ಹಿಂದಿನ ಎರಡು ಚಕ್ರ ಮಾತ್ರ ಎಳೆಯುವ ಟ್ರ್ಯಾಕ್ಟರಿನಲ್ಲಿಯೂ ಲೋ ಇರುತ್ತದೆ. ಮುಂದಿನ ಚಕ್ರಗಳಿಗೆ ಶಕ್ತಿ ಕೊಡುವ ಲಿವರು, ಇದ್ದರೆ, ಅದು ಪ್ರತ್ಯೇಕ. ನಮ್ಮಲ್ಲಿ ಬಳಕೆಯಲ್ಲಿರುವ ಹಲವು ಟ್ರ್ಯಾಕ್ಟರುಗಳಲ್ಲಿ ನಾಲ್ಕು ಗೇರು, ಹೈ ಮತ್ತು ಲೋ ಸೇರಿ ಮುಂದಕ್ಕೆ 8 ವೇಗಗಳಿವೆ. ಲೋ ಒಂದರಲ್ಲಿ ಗಂಟೆಗೆ ಸುಮಾರು 2ರಿಂದ 3 ಕಿಲೋಮೀಟರು, ಹೈ ನಾಲ್ಕರಲ್ಲಿ ಸುಮಾರು 30 ಕಿಲೋಮೀಟರು ಹೋಗುತ್ತದೆ.

ಯುದ್ಧದ ಜೀಪು ಹೊಲಕ್ಕೆ ಬಂದದ್ದು

ಸಮುದಾಯ ಅಭಿವೃದ್ಧಿ ಯೋಜನೆ ನಮ್ಮ ದೇಶದಲ್ಲಿ 1952ರ ಅಕ್ಟೋಬರ್ 2ರಂದು ಆರಂಭವಾಯಿತು. ಬ್ಲಾಕಿನ ಅಧಿಕಾರಿ ಊರಿಗೆ ಬಂದರು ಎಂಬುದು ಆ ಕಾಲದ ಹಳ್ಳಿಗರಿಗೆ ಜೀಪಿನ ಸದ್ದಿನಿಂದಲೇ ತಿಳಿಯುತ್ತಿತ್ತು. ರಸ್ತೆಯಿಲ್ಲದ ಊರಿಗೂ ಜೀಪು ಬರುತ್ತಿದ್ದುದಕ್ಕೆ ಈ ಎರಡನೆಯ ಪೆಟ್ಟಿಗೆ ಒಂದು ಮುಖ್ಯ ಕಾರಣ.

ಜೀಪು ಹುಟ್ಟಿದ್ದು ಎರಡನೆಯ ಮಹಾಯುದ್ಧಕ್ಕಾಗಿ. ಅಮೆರಿಕದ ವಿಲ್ಲಿಸ್ ಕಂಪನಿ ಸೈನ್ಯಕ್ಕೆ ಮಾಡಿಕೊಟ್ಟ ಜೀಪಿನಲ್ಲಿ ಲೋ ಅನುಪಾತ 1.97, ಅಂದರೆ ಸುಮಾರು ಎರಡಕ್ಕೆ ಒಂದು. ಯುದ್ಧ ಮುಗಿದ 1945ರಲ್ಲಿ ಅದೇ ಕಂಪನಿ ರೈತರಿಗಾಗಿ ಸಿ.ಜೆ. 2ಎ ಎಂಬ ಜೀಪನ್ನು ಹೊರತಂದಿತು. ಎಂಜಿನ್ನು ಹೆಚ್ಚುಕಡಿಮೆ ಅದೇ 60 ಹಾರ್ಸ್ ಪವರಿನದು. ಆದರೆ ಗೇರುಗಳನ್ನು ಬದಲಿಸಿದರು. ಲೋ ಅನುಪಾತವನ್ನು 2.43ಕ್ಕೆ ಏರಿಸಿದರು. ಚಕ್ರದ ಇರುಸಿನೊಳಗಿನ ಅನುಪಾತವನ್ನು 4.88ರಿಂದ 5.38ಕ್ಕೆ ತಂದರು. ಸೈನ್ಯಕ್ಕೆ ರಸ್ತೆಯ ಮೇಲೆ ಓಟ ಬೇಕಿತ್ತು. ರೈತನಿಗೆ ನೇಗಿಲು, ಟ್ರೇಲರು ಎಳೆಯುವ ನಿಧಾನ ಬೇಕಿತ್ತು. ಸ್ವಾತಂತ್ರ್ಯ ಬಂದ ನಂತರದ ವರ್ಷಗಳಲ್ಲಿ ಮುಂಬಯಿಯ ಮಹೀಂದ್ರ ಕಂಪನಿ ವಿಲ್ಲಿಸ್ ಜೀಪುಗಳನ್ನು ಜೋಡಿಸತೊಡಗಿ, ಆ ವಂಶದ ವಾಹನಗಳು ನಮ್ಮ ಹಳ್ಳಿಗಳಿಗೂ ಬಂದವು.

ಇದರಿಂದ ನಾವು ಕಲಿಯತಕ್ಕ ಮೊದಲ ಪಾಠವೆಂದರೆ, ವಾಹನ ಕೊಳ್ಳುವಾಗ ಎಂಜಿನ್ನಿನ ಶಕ್ತಿಯನ್ನು ಮಾತ್ರ ಕೇಳಿದರೆ ಸಾಲದು. ಆ ಶಕ್ತಿ ಚಕ್ರವನ್ನು ಮುಟ್ಟುವಾಗ ಎಷ್ಟು ಪಾಲು ನಿಧಾನವಾಗುತ್ತದೆ ಎಂಬುದನ್ನೂ ಕೇಳಬೇಕು.

ಲೆಕ್ಕ ಹಾಕುವ ಬಗೆ

ಮೂರು ಅಂಕಿಗಳು ಬೇಕು: ಮೊದಲನೆಯ ಗೇರಿನ ಅನುಪಾತ, ಲೋ ಅನುಪಾತ, ಇರುಸಿನ ಅನುಪಾತ. ಇವು ವಾಹನದ ಕೈಪಿಡಿಯಲ್ಲಿ ಇರುತ್ತವೆ. ಮೂರನ್ನೂ ಗುಣಿಸಿರಿ. ಮೇಲೆ ಹೇಳಿದ ರೈತರ ಜೀಪನ್ನೇ ತೆಗೆದುಕೊಳ್ಳೋಣ. ಅದರ ಮೊದಲನೆಯ ಗೇರು 2.8.

ಹೈ ಒಂದರಲ್ಲಿ: 2.8 × 5.38 = ಸುಮಾರು 15.
ಲೋ ಒಂದರಲ್ಲಿ: 2.8 × 2.43 × 5.38 = ಸುಮಾರು 36.6.

ಎಂದರೆ ಲೋ ಒಂದರಲ್ಲಿ ಎಂಜಿನ್ನು ಮೂವತ್ತಾರೂವರೆ ಸುತ್ತು ಹಾಕಿದಾಗ ಚಕ್ರ ಒಂದು ಸುತ್ತು ಹಾಕುತ್ತದೆ. ಆ ಜೀಪಿನ ಚಕ್ರದ ಸುತ್ತಳತೆ ಸುಮಾರು ಎರಡೂಕಾಲು ಮೀಟರು. ಎಂಜಿನ್ನು ನಿಮಿಷಕ್ಕೆ 1000 ಸುತ್ತು ಹಾಕುತ್ತಿದ್ದರೆ ಜೀಪು ಹೈ ಒಂದರಲ್ಲಿ ಗಂಟೆಗೆ ಸುಮಾರು 9 ಕಿಲೋಮೀಟರು ಹೋಗುತ್ತದೆ. ಪಕ್ಕದಲ್ಲಿ ಹೋಗುವವರು ಓಡಬೇಕು. ಲೋ ಒಂದರಲ್ಲಿ ಗಂಟೆಗೆ ಸುಮಾರು 3.7 ಕಿಲೋಮೀಟರು ಹೋಗುತ್ತದೆ. ಪಕ್ಕದಲ್ಲಿ ಆರಾಮವಾಗಿ ನಡೆಯಬಹುದು.

ಅಂಕಿಗಳು ಸಿಗದಿದ್ದರೆ ಒಂದು ಸುಲಭ ಪರೀಕ್ಷೆ ಇದೆ. ಸಮತಟ್ಟಾದ ಹೊಲದಲ್ಲಿ, ತಿಳಿದವರೊಬ್ಬರು ವಾಹನವನ್ನು ಲೋ ಒಂದರಲ್ಲಿ ಹಾಕಿ, ಆಕ್ಸಿಲರೇಟರನ್ನು ಮುಟ್ಟದೆ ನಡೆಸಲಿ. ನೀವು ಒಂದಷ್ಟು ದೂರ ಬಿಟ್ಟು ಪಕ್ಕದಲ್ಲಿ ನಡೆಯಿರಿ. ನಿಧಾನವಾಗಿ ನಡೆದರೂ ವಾಹನ ನಿಮಗಿಂತ ಹಿಂದೆ ಬಿದ್ದರೆ ಆ ಲೋ ಗೇರು ನಮ್ಮ ಕೆಲಸಕ್ಕೆ ಒದಗುತ್ತದೆ. ನೀವು ದಾಪುಗಾಲು ಹಾಕಬೇಕಾದರೆ ತೂಕದ ಗಾಡಿಯನ್ನು ಕಡಿದಾದ ಏರಿಗೆ ಹತ್ತಿಸಲು ಅದು ತಕ್ಕದ್ದಲ್ಲ.

ಏರಿಗೆ ಎಷ್ಟು ಎಳೆತ ಬೇಕು?

ಮೊದಲು ಏರನ್ನು ಅಳೆಯಿರಿ. ಒಂದು ಮೀಟರ್ ಉದ್ದದ ನೇರವಾದ ಕೋಲನ್ನು ಏರಿನ ಮೇಲೆ ಒಂದು ತುದಿ ಊರಿ, ಇನ್ನೊಂದು ತುದಿಯನ್ನು ಸಮವಾಗಿ ಹಿಡಿಯಿರಿ. ಸಮವಾಗಿದೆಯೇ ಎಂದು ಗಾರೆ ಕೆಲಸದವರ ಮಟ್ಟಗೋಲಿನಿಂದ ನೋಡಬಹುದು. ಆ ತುದಿಯಿಂದ ನೆಲಕ್ಕೆ 20 ಸೆಂಟಿಮೀಟರು ಇದ್ದರೆ ಅದು ಐದಕ್ಕೆ ಒಂದರ ಏರು.

ಈಗ ಜೀಪು ಮತ್ತು ಅದರೊಳಗಿನ ಹೊರೆ ಸೇರಿ 1300 ಕೆ.ಜಿ., ಹಿಂದಿನ ಸಣ್ಣ ಟ್ರೇಲರು ಗೋಡು ಸೇರಿ 700 ಕೆ.ಜಿ., ಒಟ್ಟು 2000 ಕೆ.ಜಿ. ಎಂದಿಟ್ಟುಕೊಳ್ಳೋಣ. ಐದಕ್ಕೆ ಒಂದರ ಏರನ್ನು ಹತ್ತಲು ಒಟ್ಟು ತೂಕದ ಐದರಲ್ಲೊಂದು ಪಾಲು, ಅಂದರೆ ಸುಮಾರು 400 ಕೆ.ಜಿ. ಎಳೆತ ಬೇಕು. ಸಡಿಲ ಮಣ್ಣಿನಲ್ಲಿ ಚಕ್ರ ಹೂತುಕೊಂಡು ಉರುಳುವುದಕ್ಕೆ ಹತ್ತರಲ್ಲೊಂದು ಪಾಲು, 200 ಕೆ.ಜಿ., ಸೇರಿಸಿರಿ. ಒಟ್ಟು 600 ಕೆ.ಜಿ. ಆಯಿತು.

ಆ ಜೀಪಿನ ಎಂಜಿನ್ನು ತನ್ನ ಪೂರ್ಣ ಬಲ ಹಾಕಿದಾಗ, ಗೇರುಗಳಲ್ಲಿ ಆಗುವ ನಷ್ಟವನ್ನು ಸುಮಾರು ಶೇಕಡ 15 ಎಂದು ಕಳೆದರೆ, ಚಕ್ರಗಳಲ್ಲಿ ದೊರೆಯುವ ಎಳೆತ ಇಷ್ಟು:

ಹೈ ಒಂದರಲ್ಲಿ ಸುಮಾರು 500 ಕೆ.ಜಿ.
ಲೋ ಎರಡರಲ್ಲಿ ಸುಮಾರು 700 ಕೆ.ಜಿ.
ಲೋ ಒಂದರಲ್ಲಿ ಸುಮಾರು 1250 ಕೆ.ಜಿ.

600 ಕೆ.ಜಿ. ಬೇಕಾದ ಕಡೆ ಹೈ ಒಂದು 500 ಮಾತ್ರ ಕೊಡುತ್ತದೆ. ಅರ್ಧ ಏರಿನಲ್ಲಿ ಎಂಜಿನ್ನು ನಿಲ್ಲುವುದು ಇದಕ್ಕಾಗಿಯೇ. ಕ್ಲಚ್ ಸುಟ್ಟುಕೊಂಡು ಆ ಕೊರತೆಯನ್ನು ತುಂಬಲಾಗದು. ಲೋ ಒಂದರಲ್ಲಿ ಅದೇ ಎಂಜಿನ್ನಿನ ಎಳೆತ ಬೇಕಾದ್ದಕ್ಕಿಂತ ಎರಡು ಪಾಲು ಆಯಿತು. ನಿಮ್ಮ ವಾಹನದ ಅಂಕಿಗಳು ಬೇರೆ ಇರುತ್ತವೆ. ಲೆಕ್ಕದ ದಾರಿ ಇದೇ.

ಹಿಡಿತವಿಲ್ಲದೆ ಎಳೆತವಿಲ್ಲ

ಲೋ ಗೇರು ಎಳೆತವನ್ನು ಹೆಚ್ಚಿಸುತ್ತದೆ. ನೆಲದ ಹಿಡಿತವನ್ನು ಹೆಚ್ಚಿಸುವುದಿಲ್ಲ. ಈ ಪಾಠದಲ್ಲಿ ಬೇರೆಲ್ಲ ಮರೆತರೂ ಈ ಮಾತನ್ನು ಮರೆಯಬೇಡಿರಿ.

ಒಣಗಿದ ಗಟ್ಟಿ ಮಣ್ಣಿನ ಮೇಲೆ, ಎಳೆಯುವ ಚಕ್ರಗಳ ಮೇಲೆ ಬಿದ್ದಿರುವ ತೂಕದ ಸುಮಾರು ಅರ್ಧದಷ್ಟು ಹಿಡಿತ ಸಿಗುತ್ತದೆ ಎಂದು ಲೆಕ್ಕ ಹಿಡಿಯಬಹುದು. ಮಳೆ ಬಿದ್ದು ನುಣುಪಾದ ಎರೆ ಮಣ್ಣಿನಲ್ಲಿ ಅದು ಕಾಲುಭಾಗಕ್ಕೆ ಇಳಿಯಬಹುದು. ಮೇಲಿನ ಜೀಪಿನ 1300 ಕೆ.ಜಿ. ತೂಕಕ್ಕೆ ಲೆಕ್ಕ ಹಾಕಿರಿ.

ಒಣ ನೆಲ, ನಾಲ್ಕೂ ಚಕ್ರ ಎಳೆದರೆ: 650 ಕೆ.ಜಿ. ಹಿಡಿತ.
ಒಣ ನೆಲ, ಹಿಂದಿನ ಎರಡೇ ಎಳೆದರೆ: ತೂಕದ ಐದರಲ್ಲಿ ಮೂರು ಪಾಲು ಹಿಂದೆ ಇದೆಯೆಂದರೂ ಸುಮಾರು 390 ಕೆ.ಜಿ.
ಒದ್ದೆ ಎರೆ, ನಾಲ್ಕೂ ಚಕ್ರ ಎಳೆದರೆ: ಸುಮಾರು 325 ಕೆ.ಜಿ.

ನಮಗೆ ಬೇಕಾದದ್ದು 600. ಒಣ ನೆಲದಲ್ಲಿ ನಾಲ್ಕೂ ಚಕ್ರ ಎಳೆದರೆ ಗಾಡಿ ಹತ್ತುತ್ತದೆ. ಎರಡೇ ಚಕ್ರ ಎಳೆದರೆ ಗೇರು ಯಾವುದೇ ಇರಲಿ, ಚಕ್ರ ಅಲ್ಲಿಯೇ ಗಿರ್ರನೆ ತಿರುಗಿ ಗುಂಡಿ ತೋಡುತ್ತದೆ. ಒದ್ದೆ ಎರೆಯ ಏರಿನಲ್ಲಿ ನಾಲ್ಕು ಚಕ್ರ, ಲೋ ಗೇರು, ಹೊಸ ಟೈರು ಎಲ್ಲವೂ ಇದ್ದರೂ ಆ ಹೊರೆ ಹತ್ತುವುದಿಲ್ಲ. ಆಗ ಮಾಡತಕ್ಕದ್ದು ಎರಡೇ: ಹೊರೆಯನ್ನು ಅರ್ಧಕ್ಕೆ ಇಳಿಸಿ, ಏರಿನ ಮೇಲೆ ಗರಸು ಅಥವಾ ಕಲ್ಲುಚೂರು ಹರಡುವುದು, ಇಲ್ಲವೆ ನೆಲ ಆರುವವರೆಗೆ ಕಾಯುವುದು.

ಲೋ ಒಂದರ 1250 ಕೆ.ಜಿ. ಎಳೆತ 650ರ ಹಿಡಿತಕ್ಕಿಂತ ಬಹಳ ಹೆಚ್ಚು ಎಂಬುದನ್ನೂ ಗಮನಿಸಿರಿ. ಆಕ್ಸಿಲರೇಟರನ್ನು ಪೂರ್ತಿ ಒತ್ತಿದರೆ ಚಕ್ರ ಜಾರುವುದು ಖಂಡಿತ. ಹೆಚ್ಚಿನ ಬಲ ಕಾಯ್ದಿರಿಸಿದ ಬಲ; ಕಾಲನ್ನು ಹಗುರವಾಗಿ ಇಟ್ಟರೆ ಮಾತ್ರ ಅದು ಉಪಯೋಗ. ಏರಿಲ್ಲದ ಕೆಸರಿನಲ್ಲಿ ಲೋ ಒಂದಕ್ಕಿಂತ ಲೋ ಎರಡು ಅಥವಾ ಮೂರು ಎಷ್ಟೋ ಸಲ ಮೇಲು.

ಕೊಳ್ಳುವಾಗ ಯಾವ ಅನುಪಾತ ಆರಿಸಬೇಕು?

ಮಾರುಕಟ್ಟೆಯಲ್ಲಿ ಸಿಗುವ ಬಹುಪಾಲು ಜೀಪು ಮಾದರಿಯ ವಾಹನಗಳಲ್ಲಿ ಲೋ ಅನುಪಾತ ಎರಡರಿಂದ ಎರಡೂವರೆ ಇರುತ್ತದೆ. ಅಮೆರಿಕದಲ್ಲಿ ಬಂಡೆ ಹತ್ತುವುದಕ್ಕೆಂದೇ 2003ರ ಮಾದರಿಯಾಗಿ ಬಂದ ರೂಬಿಕಾನ್ ಜೀಪಿನಲ್ಲಿ ಅದು ನಾಲ್ಕಕ್ಕೆ ಒಂದು. "ನಾಲ್ಕು ಎರಡೂವರೆಗಿಂತ ಮೇಲಲ್ಲವೇ?" ಎಂದು ನೀವು ಕೇಳಬಹುದು. ಬಂಡೆಯ ಮೇಲೆ ಅಂಗುಲ ಅಂಗುಲವಾಗಿ ಹೋಗುವವರಿಗೆ ಮೇಲು. ನಮ್ಮ ಕೆಸರಿನಲ್ಲಿ, ಹಳ್ಳದ ಮರಳಿನಲ್ಲಿ ಚಕ್ರಕ್ಕೆ ಸ್ವಲ್ಪ ಓಟವೂ ಬೇಕು. ಲೋ ಒಂದರ ಒಟ್ಟು ಅನುಪಾತ, ಅಂದರೆ ಮೂರು ಅಂಕಿಗಳ ಗುಣಲಬ್ಧ, 35ರಿಂದ 45ರ ಆಸುಪಾಸಿನಲ್ಲಿ ಇದ್ದರೆ ತೋಟಕ್ಕೂ ಹೊಲಕ್ಕೂ ಒದಗುತ್ತದೆ.

ಕೈಪಿಡಿಯಲ್ಲಿ ಲೋ ಅಂಕಿಯೊಂದನ್ನೇ ನೋಡಿ ಮೋಸ ಹೋಗಬಾರದು. ಹಳೆಯದಾಗಿ ಕೈಬದಲಾಗುವ ಜಿಪ್ಸಿ ವಾಹನದಲ್ಲಿ ಲೋ 2.268 ಇದೆ. ಆದರೆ ಹೈ ಕೂಡ ಒಂದಲ್ಲ, 1.409 ಇದೆ. ಆದಕಾರಣ ಹೈಯಿಂದ ಲೋಗೆ ಬಂದಾಗ ದೊರೆಯುವ ಲಾಭ 1.6 ಪಾಲು ಮಾತ್ರ. ಯಾವಾಗಲೂ ಒಟ್ಟು ಗುಣಲಬ್ಧವನ್ನೇ ಹೋಲಿಸಿರಿ.

ಕೆಲವು ಯುವಕರು ನೋಟಕ್ಕಾಗಿ ದೊಡ್ಡ ಟೈರು ಹಾಕಿಸುತ್ತಾರೆ. ಚಕ್ರ ಹತ್ತರಲ್ಲೊಂದು ಪಾಲು ದೊಡ್ಡದಾದರೆ ಎಳೆತವೂ ಸುಮಾರು ಅಷ್ಟೇ ಪಾಲು ಇಳಿಯುತ್ತದೆ. ದುಡ್ಡು ಕೊಟ್ಟು ಪಡೆದ ಲೋ ಗೇರನ್ನು ದುಡ್ಡು ಕೊಟ್ಟೇ ಕಳೆದುಕೊಂಡಂತೆ. ಮೇಲಾಗಿ ಕಂಪನಿ ಮಾಡಿಕೊಟ್ಟ ವಾಹನವನ್ನು ಮನಬಂದಂತೆ ಮಾರ್ಪಡಿಸುವುದಕ್ಕೆ 1988ರ ಮೋಟಾರು ವಾಹನ ಕಾಯ್ದೆಯ ತಡೆ ಇದೆ.

ಹಳೆಯ ವಾಹನವಾದರೆ ಈ ಕೆಳಗಿನವುಗಳನ್ನು ನೋಡಿಕೊಳ್ಳಿರಿ:

1. ಲೋ ಲಿವರು ಸರಿಯಾಗಿ ಕೂರುತ್ತದೆಯೇ? ಸಣ್ಣ ಇಳಿಜಾರಿನಲ್ಲಿ ಆಕ್ಸಿಲರೇಟರು ಬಿಟ್ಟಾಗ ಲಿವರು ತಾನಾಗಿಯೇ ಹೊರಬಂದರೆ ಆ ವಾಹನ ಬೇಡ, ಅಥವಾ ಮೊದಲು ರಿಪೇರಿ ಆಗಲಿ.
2. ನಾಲ್ಕೂ ಟೈರು ಒಂದೇ ಅಳತೆಯವೇ? ಸವೆತವೂ ಹೆಚ್ಚುಕಡಿಮೆ ಒಂದೇ ಆಗಿರಬೇಕು.
3. ಮುಂದಿನ ಚಕ್ರಗಳು ನಿಜವಾಗಿಯೂ ಎಳೆಯುತ್ತವೆಯೇ? ಕೆಲವು ಮಾದರಿಗಳಲ್ಲಿ ಮುಂದಿನ ಚಕ್ರದ ನಡುವೆ ಕೈಯಿಂದ ತಿರುಗಿಸುವ ಬೀಗವಿರುತ್ತದೆ. ಅದನ್ನು ತಿರುಗಿಸದೆ ಲಿವರು ಹಾಕಿದರೆ ಪ್ರಯೋಜನವಿಲ್ಲ.
4. ಎರಡನೆಯ ಪೆಟ್ಟಿಗೆಯಿಂದ ಎಣ್ಣೆ ಸೋರುತ್ತಿದೆಯೇ? ಎಣ್ಣೆ ಬತ್ತಿದರೆ ಹಲ್ಲುಗಳು ಬೇಗ ಸವೆಯುತ್ತವೆ.

ಮತ್ತೊಂದು ಮಾತು. ಲೋ ಗೇರಿನ ಕೆಲಸ ವರ್ಷಕ್ಕೆ ಹತ್ತು ಹದಿನೈದು ದಿನ ಮಾತ್ರ ಬೀಳುವುದಾದರೆ, ಆ ದಿನಗಳಿಗೆ ಟ್ರ್ಯಾಕ್ಟರನ್ನು ಬಾಡಿಗೆಗೆ ಪಡೆಯುವುದೇ ಲಾಭ. ಸಾಲ ಮಾಡಿ ಕೊಳ್ಳುವ ಮೊದಲು ದಿನಗಳನ್ನು ಎಣಿಸಿರಿ.

ನಮ್ಮ ನಾಲ್ಕು ತಾಲ್ಲೂಕುಗಳ ಕೆಲಸ

ಚನ್ನಗಿರಿ ಕಡೆ ಅಡಿಕೆ ತೋಟವೇ ಜೀವನ. ಬರದ ವರ್ಷಗಳಲ್ಲಿ ತೋಟಕ್ಕೆ ಟ್ಯಾಂಕರಿನಿಂದ ನೀರು ಹೊಡೆಸಿದವರು ನಿಮ್ಮಲ್ಲಿ ಬಹಳ ಮಂದಿ ಇದ್ದೀರಿ. 5000 ಲೀಟರ್ ನೀರು ಎಂದರೆ ನೀರೇ 5 ಟನ್. ಟ್ಯಾಂಕರು ಅರ್ಧ ತುಂಬಿದ್ದರೆ ನೀರು ಹಿಂದೆ ಮುಂದೆ ತುಳುಕಿ ಗಾಡಿಯನ್ನು ನೂಕುತ್ತದೆ. ಕಾಲುವೆ ಏರಿಯನ್ನು ಹತ್ತುವಾಗಲೂ ಇಳಿಯುವಾಗಲೂ ಲೋ ಗೇರಿನಲ್ಲಿಯೇ, ನಡುವೆ ಗೇರು ಬದಲಿಸದೆ ಹೋಗತಕ್ಕದ್ದು. ತೋಟದೊಳಗೆ ಚಕ್ರ ಜಾರಿ ತಿರುಗಿದರೆ ಮೇಲ್ಮಣ್ಣಿನಲ್ಲಿರುವ ಅಡಿಕೆಯ ಬೇರು ಹರಿಯುತ್ತದೆ. ಅಲ್ಲಿ ಲೋ ಎರಡು, ಹಗುರ ಕಾಲು.

ಹೊನ್ನಾಳಿ ಕಡೆ ಭತ್ತದ ಗದ್ದೆ. ಕೆಸರು ಮಾಡುವಾಗ ರೋಟವೇಟರು ತನ್ನ ವೇಗದಲ್ಲಿ ತಿರುಗುತ್ತಿರಬೇಕು, ಟ್ರ್ಯಾಕ್ಟರು ಮಾತ್ರ ನಿಧಾನ ಹೋಗಬೇಕು. ಎಂಜಿನ್ನಿನ ಸುತ್ತನ್ನು ಇಳಿಸಿ ನಿಧಾನ ಮಾಡಿದರೆ ರೋಟವೇಟರೂ ನಿಧಾನವಾಗಿ ಹೆಂಟೆ ಉಳಿಯುತ್ತದೆ. ಎಂಜಿನ್ನು ಅಲ್ಲಿಯೇ ಇರಲಿ. ಲೋ ಒಂದು ಅಥವಾ ಎರಡಕ್ಕೆ ಬನ್ನಿರಿ. ತುಂಗಭದ್ರೆಯ ದಡದ ಇಳಿಜಾರುಗಳಲ್ಲಿ ಮುಂದೆ ಹೇಳುವ ಇಳಿಜಾರಿನ ನಿಯಮಗಳನ್ನು ತಪ್ಪದೆ ಪಾಲಿಸಿರಿ.

ನ್ಯಾಮತಿ ಈಗ ಹೊನ್ನಾಳಿಯಿಂದ ಬೇರೆಯಾದ ತಾಲ್ಲೂಕು. ಗುಡ್ಡದ ಮಗ್ಗುಲಿನ ಹೊಲಗಳಲ್ಲಿ ಮೆಕ್ಕೆಜೋಳ ತುಂಬಿದ ಟ್ರೇಲರು ಇಳಿಸುವುದು ಅಲ್ಲಿನ ಕಷ್ಟದ ಕೆಲಸ. ಇಳುಕಲಿಗೆ ಅಡ್ಡಲಾಗಿ ಓಡಿಸಿದರೆ ಟ್ರೇಲರು ಮಗುಚುವ ಭಯ. ನೇರವಾಗಿ, ಲೋದಲ್ಲಿ, ಮೆಲ್ಲಗೆ ಇಳಿಸಿರಿ.

ಜಗಳೂರು ಮಳೆಯಾಶ್ರಯದ ಸೀಮೆ. ವರ್ಷದ ಬಹು ದಿನ ನೆಲ ಗಟ್ಟಿ. ಲೋ ಬೇಕಾಗುವುದು ಆಳವಾದ ಉಳುಮೆಗೆ, ಕಲ್ಲು ಹೇರಲು, ಹಳ್ಳ ದಾಟಲು. ಒಣ ಮರಳಿನ ಹಳ್ಳವನ್ನು ಲೋ ಎರಡು ಇಲ್ಲವೆ ಮೂರರಲ್ಲಿ, ನಡುವೆ ನಿಲ್ಲಿಸದೆ ದಾಟಬೇಕು. ಮಳೆ ಬಿದ್ದ ಮರುದಿನ ಎರೆ ಹೊಲಕ್ಕೆ ಗಾಡಿ ಇಳಿಸಬಾರದು. ಗಾಡಿ ಹೂಳುವುದು ಮಾತ್ರವಲ್ಲ, ಚಕ್ರದ ತುಳಿತಕ್ಕೆ ಮಣ್ಣು ಕಲ್ಲಿನಂತೆ ಬಿಗಿದು ಬೆಳೆಯೂ ಕೆಡುತ್ತದೆ.

ಇಳಿಜಾರಿನ ನಿಯಮಗಳು

ಹತ್ತುವಾಗ ಆಗುವ ತಪ್ಪಿನಿಂದ ಕ್ಲಚ್ ಸುಡುತ್ತದೆ. ಇಳಿಯುವಾಗ ಆಗುವ ತಪ್ಪಿನಿಂದ ಜೀವ ಹೋಗುತ್ತದೆ. ಡೀಸೆಲ್ ಉಳಿಯುತ್ತದೆಂದು ಗಾಡಿಯನ್ನು ನ್ಯೂಟ್ರಲಿಗೆ ಹಾಕಿ ಇಳಿಸುವ ಅಭ್ಯಾಸ ಕೆಲವರಲ್ಲಿ ಇದೆ. ಆಗ ಎಂಜಿನ್ನು ಗಾಡಿಯನ್ನು ತಡೆಯುವುದಿಲ್ಲ. ಹೊರೆಯ ಭಾರವೆಲ್ಲ ಬ್ರೇಕಿನ ಮೇಲೆ ಬೀಳುತ್ತದೆ. ಬ್ರೇಕು ಕಾದು ಸೋತರೆ ಮತ್ತೆ ಗೇರು ಹಾಕಲಾಗುವುದಿಲ್ಲ. ಲೋ ಗೇರಿನಲ್ಲಿ ಇಳಿದರೆ ಚಕ್ರವೇ ಎಂಜಿನ್ನನ್ನು ತಿರುಗಿಸಬೇಕಾಗುತ್ತದೆ. ಎಂಜಿನ್ನು ಗಾಡಿಯನ್ನು ಹಿಡಿದು ಇಳಿಸುತ್ತದೆ.

1. ಏರಾಗಲಿ ಇಳಿಜಾರಾಗಲಿ, ಬರುವ ಮುಂಚೆಯೇ ಗಾಡಿಯನ್ನು ಸಮ ನೆಲದಲ್ಲಿ ನಿಲ್ಲಿಸಿ ಲೋ ಹಾಕಿರಿ. ನಡುವೆ ಬದಲಿಸಕೂಡದು. ಲಿವರು ನಡುವಿನಲ್ಲಿ ಸಿಕ್ಕಿಕೊಂಡರೆ ಗಾಡಿ ಯಾವ ಗೇರಿಗೂ ಸೇರದೆ ಉರುಳುತ್ತದೆ.
2. ಇಳಿಯುವಾಗ ಕ್ಲಚ್ ಒತ್ತಬಾರದು. ಕ್ಲಚ್ ಒತ್ತಿದರೆ ನ್ಯೂಟ್ರಲ್ ಹಾಕಿದ್ದಕ್ಕೆ ಸಮ.
3. ಗೇರಿನಲ್ಲಿ ನಿಲ್ಲಿಸಿದ್ದೇನೆ ಎಂದು ನೆಮ್ಮದಿಯಾಗಿ ಇಳಿದು ಹೋಗಬೇಡಿರಿ. ಎರಡನೆಯ ಪೆಟ್ಟಿಗೆಯ ಲಿವರು ನ್ಯೂಟ್ರಲಿನಲ್ಲಿದ್ದರೆ ಮೊದಲ ಪೆಟ್ಟಿಗೆಯ ಗೇರು ಗಾಡಿಯನ್ನು ಹಿಡಿಯುವುದಿಲ್ಲ. ಕೈಬ್ರೇಕು ಎಳೆದು, ಚಕ್ರಕ್ಕೆ ಕಲ್ಲು ಕೊಡಿರಿ.
4. ಡಾಂಬರು ರಸ್ತೆಗೆ ಬಂದ ಕೂಡಲೆ ನಾಲ್ಕು ಚಕ್ರದ ಎಳೆತವನ್ನು ತೆಗೆಯಿರಿ. ತಿರುವಿನಲ್ಲಿ ಮುಂದಿನ ಚಕ್ರಗಳೂ ಹಿಂದಿನವೂ ಬೇರೆ ಬೇರೆ ದೂರ ಸಾಗುತ್ತವೆ. ಸಡಿಲ ಮಣ್ಣಿನಲ್ಲಿ ಚಕ್ರ ಸ್ವಲ್ಪ ಜಾರಿ ಹೊಂದಿಕೊಳ್ಳುತ್ತದೆ. ಗಟ್ಟಿ ರಸ್ತೆಯಲ್ಲಿ ಹಾಗಾಗದೆ ದಂಡ, ಹಲ್ಲುಗಳು ತಿರುಚಿಕೊಳ್ಳುತ್ತವೆ.

ಟ್ರ್ಯಾಕ್ಟರು ನಡೆಸುವವರಿಗೆ ವಿಶೇಷ ಎಚ್ಚರಿಕೆ

ಲೋ ಗೇರಿನ ಬಲವೇ ಟ್ರ್ಯಾಕ್ಟರನ್ನು ಮಗುಚಬಲ್ಲದು. ಹಿಂದಿನ ಚಕ್ರ ಕೆಸರಿನಲ್ಲಿ ಹೂತು ಅಲ್ಲಾಡದಿರುವಾಗ, ಲೋ ಒಂದು ಹಾಕಿ ಕ್ಲಚ್ಚನ್ನು ತಟಕ್ಕನೆ ಬಿಟ್ಟರೆ, ಚಕ್ರ ತಿರುಗಲಾಗದೆ ಟ್ರ್ಯಾಕ್ಟರಿನ ಮೂತಿಯೇ ಮೇಲೇಳುತ್ತದೆ. ಒಂದೆರಡು ಸೆಕೆಂಡುಗಳಲ್ಲಿ ಅದು ಹಿಂದಕ್ಕೆ ಬೀಳಬಹುದು. ಹಾರಿಕೊಳ್ಳುವುದಕ್ಕೂ ಸಮಯ ಸಿಗುವುದಿಲ್ಲ. ಹೂತ ಟ್ರ್ಯಾಕ್ಟರನ್ನು ಮುಂದಕ್ಕೆ ನುಗ್ಗಿಸುವ ಬದಲು, ಚಕ್ರದ ಮಣ್ಣು ತೆಗೆದು ಹಿಂದಕ್ಕೆ ತರುವುದು ಕ್ಷೇಮ. ಚಕ್ರಕ್ಕೆ ಮರದ ದಿಮ್ಮಿ ಕಟ್ಟಿ ಎಬ್ಬಿಸುವ ಸಾಹಸ ಬೇಡ.

ಎಳೆಯುವ ಸರಪಳಿಯನ್ನು ಟ್ರ್ಯಾಕ್ಟರಿನ ಕೆಳಗಿನ ಕೊಂಡಿಗೆ ಮಾತ್ರ ಹಾಕಿರಿ. ಇರುಸಿಗಿಂತ ಮೇಲೆ ಕಟ್ಟಿದರೆ ಮೂತಿ ಬೇಗ ಏಳುತ್ತದೆ. ಮಕ್ಕಳನ್ನು ಮಡ್‌ಗಾರ್ಡಿನ ಮೇಲೆ ಕೂರಿಸಿಕೊಂಡು ಏರು ಹತ್ತುವುದು, ಆಳುಗಳನ್ನು ಹೊರೆಯ ಮೇಲೆ ಕೂರಿಸಿ ಇಳಿಜಾರು ಇಳಿಯುವುದು ಎಂದಿಗೂ ಸಲ್ಲದು. ಅವರು ನಡೆದು ಬರಲಿ. ಲೋ ಗೇರಿನ ಗಾಡಿಗಿಂತ ಅವರೇ ಮುಂಚೆ ತಲಪುತ್ತಾರೆ.

ಅಭ್ಯಾಸ

ಓದಿದ್ದು ಮನಸ್ಸಿನಲ್ಲಿ ನಿಲ್ಲಬೇಕಾದರೆ ಈ ಕೆಳಗಿನವುಗಳನ್ನು ಮಾಡಿ ನೋಡಿರಿ. ಶಾಲೆಗೆ ಹೋಗುವ ಮಕ್ಕಳನ್ನು ಲೆಕ್ಕಕ್ಕೆ ಜತೆ ಮಾಡಿಕೊಳ್ಳಿರಿ.

1. ನಿಮ್ಮ ಊರಿನ ಕೆರೆಯಿಂದ ಮೇಲೆ ಬರುವ ದಾರಿಯನ್ನು ಕೋಲಿನಿಂದ ಅಳೆಯಿರಿ. ಎಷ್ಟಕ್ಕೆ ಒಂದರ ಏರು?
2. ನಿಮ್ಮ ಗಾಡಿಯ ತೂಕ, ಹೊರೆಯ ತೂಕ ಕೂಡಿಸಿರಿ. ಆ ಏರಿಗೆ ಎಷ್ಟು ಎಳೆತ ಬೇಕು?
3. ಒಂದು ವಾಹನದ ಮೊದಲನೆಯ ಗೇರು 4, ಲೋ 2.5, ಇರುಸು 4. ಲೋ ಒಂದರ ಒಟ್ಟು ಅನುಪಾತವೆಷ್ಟು? (ಉತ್ತರ: 40.) ಇದು ನಮ್ಮ ಕೆಲಸಕ್ಕೆ ಒದಗುತ್ತದೆಯೇ?
4. ಒಣ ನೆಲದಲ್ಲಿ ಹತ್ತಿದ ಹೊರೆ ಮಳೆಯ ಮರುದಿನ ಏಕೆ ಹತ್ತುವುದಿಲ್ಲ? ಮನೆಯವರಿಗೆ ನಿಮ್ಮ ಮಾತಿನಲ್ಲಿ ಹೇಳಿರಿ.

ನಿಧಾನವೇ ಪ್ರಧಾನ ಎಂದು ಹಿರಿಯರು ಹೇಳಿದ್ದಾರೆ. ಈ ಬೇಸಿಗೆಯಲ್ಲಿ ಗೋಡು ಹೊಡೆಯುವ ಮೊದಲ ದಿನ, ಏರಿನ ಬುಡದಲ್ಲಿ ಗಾಡಿಯನ್ನು ನಿಲ್ಲಿಸಿರಿ. ಹಿಂದೆ ಯಾರೂ ಇಲ್ಲವೆಂದು ನೋಡಿರಿ. ಲೋ ಹಾಕಿ, ಆಮೇಲೆ ಹತ್ತಿರಿ.